ಆಂಟಿವೈರಸ್ ತೆಗೆದರೆ ಪೂರ್ತಿ ತೆಗೀರಿ: ಅರ್ಧಕ್ಕೆ ಬಿಟ್ಟರೆ ಅಪಾಯ ಊರಿನ ದಾಖಲೆಗಳಿಗೆ

ಹುಕ್ಕೇರಿ: ಪಹಣಿ ಬೇಕಾದರೂ, ಆಧಾರ್ ಪ್ರಿಂಟ್ ಬೇಕಾದರೂ, ಬೆಳೆ ವಿಮೆಗೆ ಅರ್ಜಿ ಹಾಕಬೇಕಾದರೂ ಜನ ಹೋಗುವುದು ಝೆರಾಕ್ಸ್ ಅಂಗಡಿಗೆ ಇಲ್ಲವೇ ಗ್ರಾಮ ಒನ್ ಕೇಂದ್ರಕ್ಕೆ. ಹುಕ್ಕೇರಿ ಇರಲಿ, ಸಂಕೇಶ್ವರ ಇರಲಿ, ಇದೇ ರೂಢಿ. ಅಲ್ಲಿನ ಕಂಪ್ಯೂಟರ್ ಅಂಗಡಿಯವರದು, ಅದರೊಳಗಿನ ದಾಖಲೆ ಊರಿನವರದು. ಹಾಗಾಗಿ ಆ ಕಂಪ್ಯೂಟರಿಗೆ ಕಾವಲು ಇದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಸಂಬಂಧಪಟ್ಟ ವಿಷಯ.

ಸಿಸ್ಟಮ್ ಸ್ಲೋ ಆದರೆ ಮೊದಲು ಬೈಸಿಕೊಳ್ಳುವುದು ಆಂಟಿವೈರಸ್. ಲೈಸೆನ್ಸ್ ಮುಗಿದು ದಿನಾ ಮೆಸೇಜ್ ಬರತೊಡಗಿದರಂತೂ "ತೆಗದ ಒಗೀರಿ, ಫಾಸ್ಟ್ ಆಕ್ಕೈತಿ" ಎಂಬ ಸಲಹೆ ಸಿಗುತ್ತದೆ. ತೆಗೆಯುವುದರಲ್ಲಿ ತಪ್ಪೇನಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬೇರೆ ಆಂಟಿವೈರಸ್ ಹಾಕಿದಾಗ ಅದು ಹಿಂದೆ ಸರಿಯುತ್ತದೆ, ಆ ಆಂಟಿವೈರಸ್ ಸರಿಯಾಗಿ ಹೋದರೆ ಮತ್ತೆ ಕಾವಲಿಗೆ ನಿಲ್ಲುತ್ತದೆ.

ತೊಂದರೆ ಆಗುವುದು ಅರ್ಧ ತೆಗೆದಾಗ. ಡೆಸ್ಕ್‌ಟಾಪ್ ಐಕಾನ್ ಅಳಿಸಿದರೆ ಅಥವಾ ಫೋಲ್ಡರ್ ಡಿಲೀಟ್ ಹೊಡೆದರೆ ಆಂಟಿವೈರಸ್ ಹೋಗುವುದಿಲ್ಲ. ವೈರಸ್ ಬಂದು ತನ್ನನ್ನೇ ಕಿತ್ತುಹಾಕಬಾರದೆಂದು ಅದು ವಿಂಡೋಸ್‌ನ ಬುಡದವರೆಗೆ ಬೇರು ಬಿಟ್ಟಿರುತ್ತದೆ. ಆ ಬೇರು ಎಷ್ಟು ಆಳ ಎಂಬುದು 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದೇ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಟ್ಟರು.

ಬೇರು ಉಳಿದರೆ, ಹಳೆಯ ಆಂಟಿವೈರಸ್ ಇನ್ನೂ ಇದೆ ಎಂದು ವಿಂಡೋಸ್ ತಿಳಿಯಬಹುದು. ಆಗ ಡಿಫೆಂಡರ್ ಏಳುವುದಿಲ್ಲ. ಮಷಿನ್ ಫಾಸ್ಟ್ ಆದಂಗ ಕಾಣುತ್ತದೆ, ಕಾವಲಿಗೆ ಮಾತ್ರ ಯಾರೂ ಇಲ್ಲ. ದಿನಕ್ಕೆ ಹತ್ತಾರು ಗಿರಾಕಿಗಳ ಪೆನ್‌ಡ್ರೈವ್ ಚುಚ್ಚುವ ಅಂಗಡಿಯಲ್ಲಿ ಇದು ಸಣ್ಣ ಮಾತಲ್ಲ.

ಸರಿಯಾದ ಕ್ರಮ ಹೀಗಿದೆ. ಮೊದಲು ಮುಖ್ಯ ಫೈಲ್‌ಗಳ ಬ್ಯಾಕಪ್ ಇಟ್ಟುಕೊಳ್ಳಬೇಕು. ನಂತರ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆರೆದು ಅನ್‌ಇನ್‌ಸ್ಟಾಲ್ ಮಾಡಿ, ಸಿಸ್ಟಮ್ ರೀಸ್ಟಾರ್ಟ್ ಮಾಡಬೇಕು. ಆಮೇಲೂ ಏನಾದರೂ ಉಳಿದರೆ ಅದನ್ನು ಗುಡಿಸಲು ಮ್ಯಾಕಫೀ, ಅವಾಸ್ಟ್, ಕ್ಯಾಸ್ಪರ್‌ಸ್ಕೀ, ನಾರ್ಟನ್ ಕಂಪನಿಗಳು ತಮ್ಮದೇ ಉಚಿತ ಟೂಲ್ ಕೊಡುತ್ತವೆ. ಅದನ್ನು ಆಯಾ ಕಂಪನಿಯ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಬೇಕು. ಬ್ರೌಸರ್‌ನಲ್ಲಿರುವ ಅದರ ಎಕ್ಸ್‌ಟೆನ್ಶನ್ ಕೂಡ ತೆಗೆಯಬೇಕು. ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು ರಿಯಲ್-ಟೈಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಬೇಕು. ಬಹಳ ಮಂದಿ ಬಿಟ್ಟುಬಿಡುವುದು ಈ ಕೊನೆಯ ಹೆಜ್ಜೆಯನ್ನೇ.

ದುಡ್ಡಿನ ವಿಷಯವೂ ಇದೆ. ಸಾಫ್ಟ್‌ವೇರ್ ತೆಗೆದ ಮಾತ್ರಕ್ಕೆ ಆಟೋ ರಿನ್ಯೂವಲ್ ನಿಲ್ಲುವುದಿಲ್ಲ, ಅಕೌಂಟ್‌ಗೆ ಹೋಗಿ ಬೇರೆಯಾಗಿ ರದ್ದು ಮಾಡಬೇಕು. "ನಿಮ್ಮ ಆಂಟಿವೈರಸ್ ರಿನ್ಯೂ ಆಗಿದೆ, ಹಣ ವಾಪಸ್ ಬೇಕಾದರೆ ಈ ನಂಬರಿಗೆ ಫೋನ್ ಮಾಡಿ" ಎಂದು ಬರುವ ಇಮೇಲ್ ಹಳೇ ಮೋಸ. ಫೋನ್ ಮಾಡಿದವರಿಗೆ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುತ್ತಾರೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ವಿಂಡೋಸ್ 10 ಇರುವವರಿಗೆ ಇನ್ನೊಂದು ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಮಾಹಿತಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ, ಆದರೆ ವಿಂಡೋಸ್‌ನಲ್ಲೇ ಬಿದ್ದ ತೂತನ್ನು ಡಿಫೆಂಡರ್ ಮುಚ್ಚಲಾರದು.

ಗಿರಾಕಿಗಳೂ ಸುಮ್ಮನೆ ಕೂರಬೇಕಿಲ್ಲ. ಪ್ರಿಂಟ್ ಕೈಗೆ ಬಂದ ಮೇಲೆ "ಆ ಫೈಲ್ ಡಿಲೀಟ್ ಮಾಡ್ರೀ, ರಿಸೈಕಲ್ ಬಿನ್‌ನಾಗಿಂದೂ ತೆಗೀರಿ" ಅಂತ ಕೇಳಬಹುದು. ಕೇಳಲು ಸಂಕೋಚ ಬೇಡ, ದಾಖಲೆ ಅವರದೇ.