ಪೆಟ್ಟಿಗೆ ಹಂಚಿದ ಮಾತ್ರಕ್ಕೆ ಸಂಘವಾಗದು

ಕಳೆದ ತಿಂಗಳು ಸಾಲದ ಕಾಗದಪತ್ರಗಳಿಗೆ ಸಹಿ ಪಡೆಯಲೆಂದು ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಕೊಟ್ಟಿಗೆಯ ಮೂಲೆಯಲ್ಲಿ ಒಂದು ಜೇನುಪೆಟ್ಟಿಗೆ ಇತ್ತು. ಮುಚ್ಚಳವಿರಲಿಲ್ಲ. ಒಳಗೆ ಒಣಹುಲ್ಲು ಹಾಸಿ ಕೋಳಿಯೊಂದು ಕಾವಿಗೆ ಕುಳಿತಿತ್ತು. ನಾವು ಅದನ್ನೇ ನೋಡುತ್ತಿರುವುದನ್ನು ಕಂಡು ಮನೆಯ ಯಜಮಾನರು ನಾಚಿಕೊಂಡು, "ಹುಳ ಹೋಗಿ ಎರಡು ಮಳೆಗಾಲ ಆಯ್ತು ಮಾರಾಯ್ರೆ, ಪೆಟ್ಟಿಗೆ ಸುಮ್ಮನೆ ಹಾಳಾಗೋದು ಬೇಡ ಅಂತ" ಎಂದರು. ನಾಚಿಕೊಳ್ಳಬೇಕಾದವರು ಅವರಲ್ಲ. ಆ ಪೆಟ್ಟಿಗೆಯನ್ನು ಕೊಟ್ಟವರು ನಾವು. ಕೊಟ್ಟ ದಿನ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡವರೂ ನಾವೇ. ಆಮೇಲೆ ಒಂದು ದಿನವೂ ಅತ್ತ ಕಡೆ ಹೋಗಿ ವಿಚಾರಿಸಿರಲಿಲ್ಲ.

ನಮ್ಮ ಸಹಕಾರ ಸಂಘದ ಸದಸ್ಯರಲ್ಲಿ ಹಲವರು ತಾಲ್ಲೂಕಿನ ಹವ್ಯಾಸಿ ಜೇನುಸಾಕಣೆದಾರರ ಸಂಘದಲ್ಲಿಯೂ ಇದ್ದಾರೆ. ಅದರ ಕಚೇರಿ ನಮ್ಮ ಕಟ್ಟಡದ ಹಿಂಬದಿಯ ಕೋಣೆಯಲ್ಲೇ ಇರುವುದರಿಂದಲೂ, ಅದರ ಲೆಕ್ಕಪತ್ರ ನೋಡಿಕೊಳ್ಳುವ ಹೊಣೆ ನಮ್ಮ ಹೆಗಲಿಗೇ ಬಿದ್ದಿರುವುದರಿಂದಲೂ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ. ಬರುವ ವಾರ್ಷಿಕ ಮಹಾಸಭೆಯ ಮುಂದೆ ಒಂದು ಠರಾವು ಬರಲಿದೆ. ಹತ್ತು ಮಂದಿಗಿಂತ ಕಡಿಮೆ ಸದಸ್ಯರಿರುವ ಗ್ರಾಮಗಳ ಜೇನುಕೂಟಗಳನ್ನು ರದ್ದುಪಡಿಸಿ, ಚಂದಾ ಹಣವನ್ನು ಪೂರ್ತಿಯಾಗಿ ಕೇಂದ್ರ ಸಂಘಕ್ಕೆ ತಂದು, ಆ ಹಣದಲ್ಲಿ ಪಟ್ಟಣದಲ್ಲೊಂದು ಜೇನು ಮಾರಾಟ ಮಳಿಗೆ ತೆರೆಯಬೇಕೆಂಬುದು ಅದರ ಸಾರಾಂಶ. ಠರಾವು ತಂದಿರುವ ಮಿತ್ರರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೂ ಅದನ್ನು ವಿರೋಧಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ, ಬೆಳೆಗಾರರಾದ ನಮಗೆ ಈ ಹವ್ಯಾಸ ಏಕೆ ಬೇಕು ಎಂಬುದನ್ನು ಯೋಚಿಸೋಣ. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿ ಅಥವಾ ಜೇನು ತಂದುಕೊಡಬೇಕು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ, ಕೆಲಸ ನಡೆಯಬೇಕಾದದ್ದು ಒಂದೆರಡು ದಿನಗಳಲ್ಲಿ. ಅರೇಬಿಕಾ ಸ್ವಂತ ಪರಾಗದಿಂದಲೇ ಕಾಯಿಗಟ್ಟಬಲ್ಲದು. ಅಡಿಕೆಗೆ ಗಾಳಿಯೇ ಮುಖ್ಯ. ಹಿಂಗಾರಕ್ಕೆ ಜೇನು ಮುತ್ತುವುದು ತನ್ನ ಮರಿಗಳ ಆಹಾರಕ್ಕಾಗಿ. ಕಾಫಿ ಹೂವಿಗೆ ಬರುವುದರಲ್ಲಿ ಹೆಜ್ಜೇನೇ ಮುಂದು, ಅದು ಪೆಟ್ಟಿಗೆಗೆ ಬರುವ ಜಾತಿಯಲ್ಲ ಎಂಬುದೂ ನಿಜ. ಆದರೆ ಅನುಭವದಿಂದ ಹೇಳುವುದಾದರೆ, ಮನೆಯ ಹಿಂದೆ ಎರಡು ಪೆಟ್ಟಿಗೆ ತುಡುವೆ ಇಟ್ಟವನು ಹೂವಿನ ದಿನಗಳಲ್ಲಿ ಔಷಧಿ ಹೊಡೆಯುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಅತ್ತಿ, ನೇರಳೆ, ಮತ್ತಿ ಮರಗಳನ್ನು ಕಡಿಯಲು ಕೈ ಏಳುವುದಿಲ್ಲ. ಆ ಲಾಭ ಹೆಜ್ಜೇನಿಗೂ ಸಲ್ಲುತ್ತದೆ, ತೋಟಕ್ಕೂ ಸಲ್ಲುತ್ತದೆ. ಎರಡು ಬಾಟಲಿ ಜೇನಿಗಿಂತ ಇದು ದೊಡ್ಡದು.

ಇನ್ನು ಹಳೆಯ ಮಾತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿದಾಗ ನಾವು ಕಾಲೇಜು ಮುಗಿಸಿ ತೋಟಕ್ಕೆ ಬಂದ ಹೊಸತು. ತಂದೆಯವರ ಪೆಟ್ಟಿಗೆಗಳಲ್ಲಿ ಮರಿಗಳು ಕೋಶದೊಳಗೇ ಬೆನ್ನ ಮೇಲೆ ಮಲಗಿ ಸತ್ತು, ನೀರು ತುಂಬಿದ ಚೀಲದಂತಾಗಿದ್ದುದನ್ನು ಕಣ್ಣಾರೆ ಕಂಡೆವು. ಈ ರೋಗಕ್ಕೆ ಔಷಧಿಯಿಲ್ಲ. ಅಂದು ಕುಟುಂಬಗಳು ಒಂದೊಂದಾಗಿ ಖಾಲಿಯಾದವು. ದಕ್ಷಿಣದ ರಾಜ್ಯಗಳಲ್ಲಿ ಬಹುಪಾಲು ತುಡುವೆ ಕುಟುಂಬಗಳು ನಾಶವಾದವು. ಆ ಪೆಟ್ಟಿನಿಂದ ಹಲವರು ಈ ಕಡೆ ಮತ್ತೆ ತಿರುಗಿಯೂ ನೋಡಲಿಲ್ಲ. ಉಳಿದ ಬಲವಾದ ಕುಟುಂಬಗಳನ್ನು ಪಾಲು ಮಾಡುತ್ತ, ಕಾಡಿನಿಂದ ಹಿಂಡು ಹಿಡಿದು ತರುತ್ತ, ಹಳ್ಳಿಗಳ ಕೆಲವೇ ಜನ ಈ ಕಸುಬನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅವರಿಗೆ ಯಾವ ಸಂಘವೂ ಇರಲಿಲ್ಲ. ಸಂಘ ಹುಟ್ಟಿದ್ದು ಅವರಿಂದ.

ಇಷ್ಟು ತಿಳಿದಿದ್ದೂ ನಾವು ತಪ್ಪು ಮಾಡಿದೆವು. ಕೆಲವು ವರ್ಷಗಳ ಹಿಂದೆ, ಇಂತಿಷ್ಟು ಪೆಟ್ಟಿಗೆ ಹಂಚಲೇಬೇಕೆಂಬ ಹಟದಿಂದ, ದೂರದ ಊರಿನಿಂದ ಒಂದೇ ಸಲಕ್ಕೆ ಲಾರಿಯಲ್ಲಿ ಕುಟುಂಬಗಳನ್ನು ತರಿಸಿದೆವು. ಒಂದೊಂದನ್ನೂ ತೆರೆದು ಮರಿ ನೋಡುವ ತಾಳ್ಮೆ ತೋರಲಿಲ್ಲ. ಮೇ 20ರ ವಿಶ್ವ ಜೇನುನೊಣ ದಿನದಂದು ಸಭೆ ಮಾಡಿ ಹಂಚಿದೆವು. ಹದಿನೈದು ದಿನಕ್ಕೆ ಮುಂಗಾರು ಹಿಡಿಯಿತು. ಮಳೆಯಲ್ಲಿ ಹೂವಿಲ್ಲ, ಹುಳಕ್ಕೆ ಹೊರಗೆ ಹಾರುವಂತಿಲ್ಲ. ಸಕ್ಕರೆ ಪಾಕ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಹೊಸಬರಿಗೆ ಹೇಳುವವರಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹೆಚ್ಚಿನ ಪೆಟ್ಟಿಗೆಗಳು ಬರಿದಾಗಿದ್ದವು. ಅಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಿತ್ತು. ಆದರೆ ನಾವು ಕೊಟ್ಟ ಪೆಟ್ಟಿಗೆಗಳ ಅಕ್ಕಪಕ್ಕದಲ್ಲಿ ಮೂವತ್ತು ವರ್ಷದಿಂದ ಜೇನು ಸಾಕಿದ್ದ ಹಿರಿಯರೊಬ್ಬರ ಕುಟುಂಬಗಳಿಗೂ ರೋಗ ಹತ್ತಿತು. ಅವರು ಒಂದು ದಿನ ಕಚೇರಿಗೆ ಬಂದು, ಪತ್ರಿಕೆಯಲ್ಲಿ ಸುತ್ತಿದ್ದ ಕಪ್ಪಾದ ಎರಿಯನ್ನು ಮೇಜಿನ ಮೇಲಿಟ್ಟು, "ಇದನ್ನೂ ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ" ಎಂದು ಹೇಳಿ ಹೋದರು. ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ.

ಅದೇ ವರ್ಷ ಒಂದು ಕೂಟದಲ್ಲಿ ಮಾತ್ರ ನಷ್ಟ ಕಡಿಮೆಯಾಯಿತು. ಘಟ್ಟದ ಅಂಚಿನ ಊರು, ಬಸ್ಸು ದಿನಕ್ಕೆ ಎರಡೇ ಸಲ, ಸದಸ್ಯರು ಬರೀ ಏಳು ಮಂದಿ. ಅವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಅಂಗಳದಲ್ಲಿ ಸೇರುತ್ತಾರೆ. ಭಾಷಣವಿಲ್ಲ, ಪೆಟ್ಟಿಗೆ ತೆರೆದು ನೋಡುವುದೇ ಸಭೆ. ಅವರಲ್ಲಿ ಅರವತ್ತು ದಾಟಿದ ಗೃಹಿಣಿಯೊಬ್ಬರು ಎರಿ ಎತ್ತಿ ಬೆಳಕಿಗೆ ಹಿಡಿದು ಮೊಟ್ಟೆ, ಮರಿ ನೋಡಿಯೇ ರಾಣಿಯ ವಯಸ್ಸು ಅಂದಾಜು ಮಾಡುತ್ತಾರೆ. ನಾವು ಕಳಿಸಿದ ಕುಟುಂಬಗಳನ್ನು ಅವರು ತಮ್ಮ ಹಳೆಯ ಪೆಟ್ಟಿಗೆಗಳಿಂದ ದೂರವಿಟ್ಟು ನೋಡಿದರು. ಎರಡನೆಯ ವಾರವೇ ರೋಗ ಗುರುತಿಸಿ, ಎರಿಗಳನ್ನು ಸುಟ್ಟು, ಚೌಕಟ್ಟುಗಳನ್ನು ಬೇರೆಯವರಿಗೆ ಕೊಡುವುದನ್ನು ನಿಲ್ಲಿಸಿದರು. ಈಗಿನ ಠರಾವು ಅಂಗೀಕಾರವಾದರೆ ಮೊದಲು ರದ್ದಾಗುವುದು ಈ ಏಳು ಮಂದಿಯ ಕೂಟವೇ! 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘವನ್ನೇ ನೋಂದಾಯಿಸಬಹುದು. ಕಾನೂನಿಗೆ ಸಾಕಾದ ಏಳು ಜನ ನಮಗೆ ಸಾಲದೆ?

ಮಳಿಗೆಯ ವಿಷಯಕ್ಕೆ ಬರೋಣ. ಜೇನು ಮಾರಾಟಕ್ಕೂ ಸಹಕಾರಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಷ್ಟು ಹಿಂದಿನದು. ಆದರೆ ಅದು ಉತ್ಪಾದಕರ ಸಂಘ, ನಮ್ಮದು ಹವ್ಯಾಸಿಗಳ ಸಂಘ. ನಮ್ಮ ಸದಸ್ಯರ ಜೇನು ಬರುವುದು ಬೇಸಿಗೆಯ ಎರಡು ಮೂರು ತಿಂಗಳು. ಅದೂ ಮನೆಬಳಕೆ, ನೆಂಟರಿಷ್ಟರು ಕಳೆದು ಉಳಿದದ್ದು. ಮಳಿಗೆಯ ಬಾಡಿಗೆ ಮಾತ್ರ ಹನ್ನೆರಡು ತಿಂಗಳು. ಬಾಡಿಗೆ ಕಟ್ಟಲು ಹೊರಗಿನ ಜೇನು ತಂದು ನಮ್ಮ ಚೀಟಿ ಅಂಟಿಸುವ ಕಾಲ ಬಾರದೆಂದು ಯಾರು ಭರವಸೆ ಕೊಡುತ್ತಾರೆ? ಮಾರಲು ಇಚ್ಛಿಸುವವರಿಗೆ ನಮ್ಮ ಸಹಕಾರ ಸಂಘದ ಗೊಬ್ಬರದ ಮಳಿಗೆಯಲ್ಲೇ ಒಂದು ಕಪಾಟು ಬಿಡಿಸಿಕೊಡಲು ನಾವು ಸಿದ್ಧ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ತೇವಾಂಶ ಅಳೆದು, ಶೇ. 20ರೊಳಗಿರುವ ಜೇನನ್ನು ಮಾತ್ರ ಇಟ್ಟರಾಯಿತು.

ಹಾಗಾದರೆ ಕೇಂದ್ರ ಸಂಘ ಮಾಡಬೇಕಾದದ್ದೇನು? ನಮ್ಮ ಅಭಿಪ್ರಾಯದಲ್ಲಿ ಈ ಕೆಳಗಿನವು.

ಒಂದು, ಚಂದಾದ ಅರ್ಧಭಾಗ ಆಯಾ ಕೂಟದಲ್ಲೇ ಉಳಿಯಬೇಕು. ಅದಕ್ಕೊಂದು ಪುಸ್ತಕವಿಟ್ಟು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಲಿ.

ಎರಡು, ಒಬ್ಬೊಬ್ಬರಿಗೆ ಕೊಳ್ಳಲಾಗದ್ದನ್ನು ಸಂಘ ಕೊಳ್ಳಬೇಕು. ಜೇನು ತೆಗೆಯುವ ಯಂತ್ರ ಎರಡು ಕೂಟಕ್ಕೊಂದು, ತೇವಾಂಶ ಅಳೆಯುವ ಉಪಕರಣ ತಾಲ್ಲೂಕಿಗೊಂದು ಸಾಕು. ಯಂತ್ರವನ್ನು ತೊಳೆದು ಒಣಗಿಸಿಯೇ ಮುಂದಿನವರಿಗೆ ಕೊಡುವ ಕಟ್ಟುನಿಟ್ಟು ಇರಬೇಕು.

ಮೂರು, ಪೆಟ್ಟಿಗೆಗೆ ಒಂದೇ ಅಳತೆ. ರೆವರೆಂಡ್ ನ್ಯೂಟನ್ ಅವರು ನೂರು ವರ್ಷಕ್ಕೂ ಹಿಂದೆ ದಕ್ಷಿಣ ಭಾರತದಲ್ಲಿ ತುಡುವೆಗೆಂದು ರೂಪಿಸಿದ ಪೆಟ್ಟಿಗೆ ಇಂದಿಗೂ ಬಳಕೆಯಲ್ಲಿದೆ. ಆದರೆ ಊರಿಗೊಬ್ಬ ಆಚಾರಿ, ಆಚಾರಿಗೊಂದು ಅಳತೆ ಎಂಬಂತಾಗಿ ಒಬ್ಬರ ಚೌಕಟ್ಟು ಇನ್ನೊಬ್ಬರ ಪೆಟ್ಟಿಗೆಗೆ ಕೂರುವುದಿಲ್ಲ. ಸಂಘ ಒಂದು ಮಾದರಿ ಮಾಡಿಸಿ ಎಲ್ಲ ಆಚಾರಿಗಳಿಗೂ ತೋರಿಸಲಿ.

ನಾಲ್ಕು, ಹೊಸಬರಿಗೆ ಕುಟುಂಬ ಕೊಡುವುದು ಮಳೆಗಾಲ ಕಳೆದ ಮೇಲೆ, ಅದೂ ಕೂಟದೊಂದಿಗೆ ಒಂದು ವರ್ಷ ಓಡಾಡಿ ಪೆಟ್ಟಿಗೆ ತೆರೆಯಲು ಕಲಿತವರಿಗೆ ಮಾತ್ರ. ಕುಟುಂಬ ಹೊರಗಿನಿಂದ ಬರುವುದು ಬೇಡ. ನಮ್ಮ ಮಳೆಗೆ ಒಗ್ಗಿದ, ರೋಗವಿಲ್ಲದ ಬಲವಾದ ಕುಟುಂಬಗಳನ್ನು ಕೂಟದಲ್ಲೇ ಪಾಲು ಮಾಡಿ ಕೊಡಲಿ. ಪಾಲು ಮಾಡಿಕೊಟ್ಟವರಿಗೆ ಸಂಘ ತಕ್ಕ ಬೆಲೆ ಸಲ್ಲಿಸಲಿ.

ಐದು, ಸುದ್ದಿ. ಒಂದು ಊರಿನಲ್ಲಿ ರೋಗ ಕಂಡರೆ ಅಂದೇ ಉಳಿದ ಕೂಟಗಳಿಗೆ ತಿಳಿಯಬೇಕು. ಫೋನು ಎಲ್ಲರ ಕೈಯಲ್ಲಿದೆ. ಬೇಕಾದದ್ದು ಮರೆಮಾಚದೆ ಹೇಳುವ ಮನಸ್ಸು. ಅಂತೆಯೇ ತೋಟದಲ್ಲಿ ಔಷಧಿ ಹೊಡೆಯುವವರು ಹಿಂದಿನ ದಿನವೇ ನೆರೆಯ ಕೂಟಕ್ಕೆ ತಿಳಿಸುವ ಪದ್ಧತಿಯನ್ನು ನಮ್ಮ ಸಹಕಾರ ಸಂಘದ ಸದಸ್ಯರು ಈ ಹಂಗಾಮಿನಿಂದಲೇ ಆರಂಭಿಸಬೇಕು.

ಸಣ್ಣ ಕೂಟಗಳು ವರದಿ ಕಳಿಸುವುದಿಲ್ಲ, ಲೆಕ್ಕ ಸರಿಯಾಗಿ ಇಡುವುದಿಲ್ಲ ಎಂಬ ದೂರಿದೆ. ದೂರು ಸುಳ್ಳಲ್ಲ, ಆ ವರದಿಗಳಿಗಾಗಿ ಕಾದು ಬೇಸತ್ತವರಲ್ಲಿ ನಾವೂ ಒಬ್ಬರು. ಆದರೆ ನಾವು ಕೇಳಿದ ವರದಿಯಾದರೂ ಎಂಥದು? ಎಷ್ಟು ಪೆಟ್ಟಿಗೆ ಹಂಚಿದಿರಿ, ಎಷ್ಟು ಜನ ಸಭೆಗೆ ಬಂದರು ಎಂದು ಕೇಳಿದೆವು. ಮಳೆಗಾಲ ದಾಟಿ ಎಷ್ಟು ಕುಟುಂಬ ಉಳಿದವು ಎಂದು ಒಮ್ಮೆಯೂ ಕೇಳಲಿಲ್ಲ. ಮುಂದಿನ ವರ್ಷದಿಂದ ಅದೊಂದೇ ಪ್ರಶ್ನೆಯ ಕಾರ್ಡು ಕಳಿಸೋಣ. ಉತ್ತರ ಬರೆಯಲು ಯಾರಿಗೂ ಕಷ್ಟವಾಗದು. ಓದಲು ನಮಗೆ ಕಷ್ಟವಾದೀತು, ಅಷ್ಟೆ.

ಕೂಟಗಳಿಗೂ ಒಂದು ಮಾತು. ಜೇನು ತೆಗೆಯುವ ದಿನ ಎಲ್ಲರೂ ಹಾಜರು, ಮಳೆಯಲ್ಲಿ ಪಾಕ ಕೊಡುವ ದಿನ ಒಬ್ಬರೂ ಇಲ್ಲ ಎಂಬಂತಾದರೆ ಯಾವ ಕೇಂದ್ರ ಸಂಘವೂ ನಿಮ್ಮನ್ನು ಉಳಿಸಲಾರದು. ಆಷಾಢದ ಸಭೆಯೇ ಕೂಟದ ನಿಜವಾದ ಸಭೆ.

ಮಾನ್ಯ ಸದಸ್ಯರು ಮಹಾಸಭೆಗೆ ತಪ್ಪದೆ ಬಂದು, ಠರಾವನ್ನು ಓದಿ, ವಿಚಾರ ಮಾಡಿ ಮತ ಹಾಕಬೇಕೆಂದು ವಿನಂತಿ. ಘಟ್ಟದ ಅಂಚಿನ ಆ ಏಳು ಮಂದಿಯೂ ಬರುತ್ತೇವೆಂದು ತಿಳಿಸಿದ್ದಾರೆ. ಅವರ ಊರಿಗೆ ಸಂಜೆಯ ಬಸ್ಸು ಐದು ಗಂಟೆಗೆ. ಆದಕಾರಣ ಈ ವಿಷಯವನ್ನು ಕಾರ್ಯಸೂಚಿಯ ಕೊನೆಗಲ್ಲ, ಮೊದಲಿಗೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಈಗಾಗಲೇ ಕೇಳಿಕೊಂಡಿದ್ದೇವೆ. ಕೋಳಿ ಕುಳಿತ ಆ ಪೆಟ್ಟಿಗೆಯನ್ನು ನಾವು ವಾಪಸು ಕೇಳಿಲ್ಲ. ಮರಿಗಳು ಹೊರಬಂದ ಮೇಲೆ ಪೆಟ್ಟಿಗೆಯನ್ನು ತೊಳೆದು, ಬಿಸಿಲಿಗೆ ಒಣಗಿಸಿ ಇಡಲು ಹೇಳಿ ಬಂದಿದ್ದೇವೆ. ಈ ಸಲ ಹುಳ ಕೊಡುವ ಮೊದಲು ಒಂದು ವರ್ಷ ಅವರ ಜೊತೆಗೆ ಕುಳಿತು ಕಲಿಸುವವರು ಬೇಕು. ಅಂಥವರನ್ನು ಒದಗಿಸಲು ಕೂಟದಿಂದಲೇ ಸಾಧ್ಯ.