ಅಕ್ಕಿಯಿಲ್ಲದ ಹುಗ್ಗಿ ಹುಗ್ಗಿಯಲ್ಲವೇ?



"ನವಣೆಯ ಹುಗ್ಗಿಯನ್ನು ಮನೆಯವರು ಬೇಕಾದರೆ ಉಣ್ಣಲಿ, ಹಬ್ಬದ ದಿನ ದೇವರ ಎಡೆಗೆ ಮಾತ್ರ ಅಕ್ಕಿಯದೇ ಆಗಬೇಕು, ಅದು ನಮ್ಮ ಸಾವಿರಾರು ವರ್ಷಗಳ ಸಂಪ್ರದಾಯ." ಈ ಮಾತನ್ನು ಕೆಲವು ವರ್ಷಗಳಿಂದ ಹಲವರ ಬಾಯಲ್ಲಿ ಕೇಳುತ್ತಿದ್ದೇನೆ. ಹೇಳಿದವರಲ್ಲಿ ನನ್ನ ಬಳಿ ಅಕ್ಷರ ಕಲಿತವರಿದ್ದಾರೆ, ನನ್ನ ಕಣ್ಣೆದುರು ಬೆಳೆದ ಬಂಧುಗಳ ಮಕ್ಕಳಿದ್ದಾರೆ. ಎಲ್ಲರೂ ಭಕ್ತಿಯಿಂದ, ಒಳ್ಳೆಯ ಮನಸ್ಸಿನಿಂದಲೇ ಹೇಳಿದವರು. ಆದರೆ ಆ ಮಾತು ನಿಜವಲ್ಲ. ನಿಜವಲ್ಲದ ಮಾತು ಸಂಪ್ರದಾಯದ ಹೆಸರಿನಲ್ಲಿ ಓಡಾಡತೊಡಗಿದಾಗ ಮೇಷ್ಟ್ರಾದವನು ನಿವೃತ್ತನಾದರೂ ಸುಮ್ಮನಿರಬಾರದು ಎಂಬುದು ನನ್ನ ನಿಲುವು.

ಹುಗ್ಗಿ ಎಂದರೇನು? ಧಾನ್ಯವನ್ನೂ ಬೇಳೆಯನ್ನೂ ಕೂಡಿಸಿ ಮೆತ್ತಗೆ ಬೇಯಿಸಿ, ಬೆಲ್ಲ ಹಾಕಿ, ತುಪ್ಪ ಬೆರೆಸಿದ ಅಡುಗೆ. ಮೈಸೂರಿನ ಕಡೆಯವರ ಸಿಹಿ ಪೊಂಗಲ್, ತಮಿಳರ ಸರ್ಕರೈ ಪೊಂಗಲ್, ನಮ್ಮ ನೆರೆಯ ತೆಲುಗರ ಚಕ್ಕೆರ ಪೊಂಗಲಿ ಇವೆಲ್ಲ ಅಕ್ಕಿಯ ಮನೆತನಕ್ಕೆ ಸೇರಿದವು. ಆದರೆ ನಮ್ಮ ಸೀಮೆಯಲ್ಲಿ ಹುಗ್ಗಿ ಎಂಬ ಹೆಸರು ಅಕ್ಕಿಗೆ ಮೀಸಲಾದದ್ದಲ್ಲ. ಜಾತ್ರೆಯಲ್ಲಿ, ಮದುವೆಯಲ್ಲಿ ನೂರಾರು ಜನರ ಪಂಕ್ತಿಗೆ ಬಡಿಸುವ ಗೋಧಿ ಹುಗ್ಗಿಯನ್ನು ಯಾರಾದರೂ "ಇದು ಹುಗ್ಗಿಯಲ್ಲ" ಎಂದದ್ದುಂಟೇ? ನಮ್ಮ ಭಾಷೆಯೇ ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. ಅದು ಧಾನ್ಯವನ್ನು ಮುಂದಿಟ್ಟು ಹೇಳುತ್ತದೆ: ಅಕ್ಕಿ ಹುಗ್ಗಿ, ಗೋಧಿ ಹುಗ್ಗಿ, ನವಣೆ ಹುಗ್ಗಿ.

ಇನ್ನು "ಸಾವಿರಾರು ವರ್ಷ"ಗಳ ಲೆಕ್ಕಕ್ಕೆ ಬರೋಣ. ಕುಡತಿನಿ ಎಂದರೆ ಇಂದಿನವರಿಗೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ನೆನಪಾಗುತ್ತವೆ. ಆದರೆ ಇತಿಹಾಸಕಾರರಿಗೆ ನಮ್ಮೂರು ಪರಿಚಿತವಾದದ್ದು ಬೂದಿದಿಬ್ಬದಿಂದ. ಅದು ರಾಕ್ಷಸರನ್ನು ಸುಟ್ಟ ಬೂದಿಯೆಂದು ಕಥೆ ಹೇಳುತ್ತಿದ್ದರು. ಅದು ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ರಾಶಿ ಹಾಕಿ ಸುಟ್ಟ ಸಗಣಿಯ ಬೂದಿಯೆಂದು ವಿದ್ವಾಂಸರು ಪರೀಕ್ಷಿಸಿ ತಿಳಿಸಿದ್ದಾರೆ. ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದಿನ ಆ ಜನ ಏನು ಉಣ್ಣುತ್ತಿದ್ದರು? ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಬೆಟ್ಟಗಳಲ್ಲಿ ಅಗೆದಾಗ ಸುಟ್ಟು ಕರಿಯಾದ ಕಾಳುಗಳು ಸಿಕ್ಕಿವೆ. ಅವುಗಳಲ್ಲಿ ಮುಖ್ಯವಾದವು ಕೊರಲೆ, ನವಣೆಯ ಕುಲಕ್ಕೆ ಸೇರಿದ ಒಂದು ಸಣ್ಣ ಕಾಳು, ಹುರುಳಿ ಮತ್ತು ಹೆಸರು. ಅಕ್ಕಿ ಈ ಒಣನೆಲಕ್ಕೆ ಬಂದದ್ದು ಬಹಳ ತಡವಾಗಿ.

ಹಾಗಾದರೆ ನಮ್ಮ ಹುಗ್ಗಿಯ ಪಾತ್ರೆಯಲ್ಲಿ ನಿಜವಾದ ಹಿರಿಯರು ಯಾರು? ಹೆಸರುಬೇಳೆ! ನಾವು ಯಾವುದನ್ನು ಅಕ್ಕಿಯ ಜೊತೆಗೆ ಒಂದಿಷ್ಟು ಇರಲಿ ಎಂದು ಹಾಕುತ್ತೇವೆಯೋ ಅದು ಮನೆಯ ಹಿರಿಯ. ಯಾವುದನ್ನು ಹಿರಿಯನೆಂದು ಪೂಜಿಸುತ್ತೇವೆಯೋ ಅದು ಆಮೇಲೆ ಬಂದ ಅತಿಥಿ.

ನದಿಯ ದಂಡೆಯಲ್ಲಿ ನೆಲ್ಲು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ವಿಜಯನಗರದ ಅರಸರ ಕಾಲದ ಅಣೆಗಳು, ಕಾಲುವೆಗಳು ಹೊಸಪೇಟೆ, ಕಂಪ್ಲಿಗಳಿಂದ ಸಿರುಗುಪ್ಪ, ದೇಶನೂರಿನವರೆಗೆ ನೆಲ್ಲಿಗೆ ನೀರುಣಿಸಿದವು. ಆದರೆ ದಂಡೆಯಿಂದ ದೂರವಾದ ಎರೆ, ಮಸಾರಿ ಹೊಲಗಳಿಗೆ ಆ ನೀರು ಮುಟ್ಟಲಿಲ್ಲ. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆಯನ್ನು, ಅದೂ ಬಂದರೆ, ನಂಬಿದ ಈ ಹೊಲಗಳು ಕೊಟ್ಟದ್ದು ಜೋಳ, ಸಜ್ಜೆ, ನವಣೆ, ಕಡಲೆ, ಹತ್ತಿ. ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ನೀರು ಹರಿದದ್ದು 1953ರಲ್ಲಿ, ಬಳ್ಳಾರಿ ಮದರಾಸಿನಿಂದ ಬೇರ್ಪಟ್ಟು ಮೈಸೂರಿಗೆ ಸೇರಿದ ವರ್ಷದಲ್ಲೇ. ಸಿರುಗುಪ್ಪ ಇಂದು ಭತ್ತದ ಕಣಜ ಎನಿಸಿಕೊಂಡಿದ್ದರೆ, ಅಲ್ಲಿನ ಸೋನಾ ಮಸೂರಿ ದೂರದೂರಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದರೆ, ಅದಕ್ಕೆ ಎಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಬಂದ ಈ ನೀರೇ ಮುಖ್ಯ ಕಾರಣ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಅಕ್ಕಿ ಒಂದು ಸಣ್ಣ ಗಂಟಿನಲ್ಲಿರುತ್ತಿತ್ತು. ಅವ್ವ ಅದನ್ನು ಬಿಚ್ಚುತ್ತಿದ್ದುದು ಬೀಗರು ಬಂದಾಗ, ಯಾರಿಗಾದರೂ ಜ್ವರ ಬಂದಾಗ, ಹಬ್ಬ ಬಂದಾಗ. ಅಪರೂಪದ ವಸ್ತುವನ್ನು ದೇವರ ಮುಂದಿಡುವುದು ಮನುಷ್ಯ ಸಹಜ. ಆ ತಾಯಂದಿರ ಭಾವನೆಯನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಈಗ? 2013ರ ಜುಲೈನಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ಬಡವರ ಮನೆಯಲ್ಲೂ ಅಕ್ಕಿ ದಿನನಿತ್ಯದ ಊಟವಾಯಿತು. ಅದು ಆಗಬೇಕಾದದ್ದೇ, ಹಸಿದವರ ತಟ್ಟೆಯ ಅನ್ನವನ್ನು ಕಂಡು ಗೇಲಿ ಮಾಡುವವರ ಸಾಲಿನಲ್ಲಿ ನಾನಿಲ್ಲ. ನಾನು ಕೇಳುವುದು ಇಷ್ಟೇ: ಅಪರೂಪವಾಗಿದ್ದುದರಿಂದ ಅಕ್ಕಿ ಹಬ್ಬದ ಧಾನ್ಯವಾಗಿದ್ದರೆ, ಮೂರು ಹೊತ್ತೂ ಅಕ್ಕಿಯನ್ನೇ ಉಣ್ಣುವ ಈ ದಿನಗಳಲ್ಲಿ ಅದಕ್ಕೆ ಆ ವಿಶೇಷ ಪೀಠವೇಕೆ?

ಈ ಪ್ರಶ್ನೆಯಲ್ಲಿ ರುಚಿಗಿಂತ ದೊಡ್ಡದೊಂದು ಸಂಗತಿ ಅಡಗಿದೆ. ಹಬ್ಬದ ಮರುದಿನ ನಾನು ಮಕ್ಕಳಿಂದ "ನಮ್ಮ ಮನೆಯ ಹಬ್ಬ" ಎಂಬ ಪ್ರಬಂಧ ಬರೆಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಮ್ಮೆ ಒಬ್ಬ ಹುಡುಗ ಅಕ್ಕಿ ಹುಗ್ಗಿಯ ವರ್ಣನೆಯನ್ನು ಅರ್ಧ ಪುಟ ಬರೆದಿದ್ದ. ನಾನು ಅದನ್ನು ಎಲ್ಲರಿಗೂ ಓದಿ ಹೇಳುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಅವನ ತಂಗಿ ಎದ್ದು ನಿಂತು, "ಇಲ್ರೀ ಸಾರ್, ನಮ್ಮನ್ಯಾಗ ನವಣಿ ಹುಗ್ಗಿ ಮಾಡಿದ್ರು" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ತಲೆ ತಗ್ಗಿಸಿದ. ಅವನ ಮನೆಯವರು ಕದ್ದಿರಲಿಲ್ಲ, ಸುಳ್ಳು ಹೇಳಿರಲಿಲ್ಲ; ತಮ್ಮ ಹೊಲದಲ್ಲಿ ಬೆಳೆದುದನ್ನು ಬೇಯಿಸಿ ದೇವರಿಗೆ ತೋರಿಸಿ ಉಂಡಿದ್ದರು. ಅದಕ್ಕಾಗಿ ಒಂದು ಮಗು ನಾಚಿಕೆಪಡುವಂತೆ ಮಾಡಿದ್ದು ಧಾನ್ಯಗಳಿಗೆ ನಾವು ಅಂಟಿಸಿದ ಮೇಲು ಕೀಳು. "ಅಕ್ಕಿಯದೇ ಆಗಬೇಕು" ಎಂಬ ಮಾತು ದೇವರಿಗೆ ಸಲ್ಲುವ ಗೌರವದಂತೆ ಕೇಳಿಸುತ್ತದೆ; ಆದರೆ ಅದು ಹೋಗಿ ಚುಚ್ಚುವುದು ಮನುಷ್ಯರನ್ನು.

ಶಾಸ್ತ್ರದ ಮಾತೆತ್ತುವವರಿಗೂ ಉತ್ತರವಿದೆ. ದೇವಸ್ಥಾನಗಳಲ್ಲಿ ರುದ್ರದ ಬಳಿಕ ಪಠಿಸುವ ಚಮಕ ಕೃಷ್ಣ ಯಜುರ್ವೇದದ ಭಾಗ. ಅದರ ನಾಲ್ಕನೆಯ ಅನುವಾಕದಲ್ಲಿ ದೇವರಲ್ಲಿ ಬೇಡುವ ಧಾನ್ಯಗಳ ಪಟ್ಟಿಯಿದೆ. ಅಲ್ಲಿ ವ್ರೀಹಿಯಿದೆ, ಅಂದರೆ ಭತ್ತ. ಆ ಸಾಲಿನಲ್ಲೇ ಮುದ್ಗವೆಂಬ ಹೆಸರುಕಾಳು, ಪ್ರಿಯಂಗು ಎಂಬ ನವಣೆ, ಶ್ಯಾಮಾಕವೆಂಬ ಸಾಮೆಯ ಜಾತಿಯ ಕಾಳು ಇವೂ ಇವೆ. ದೇವರಲ್ಲಿ ನವಣೆಯನ್ನು ಕೊಡು ಎಂದು ಬೇಡಬಹುದಂತೆ; ಅವನು ಕೊಟ್ಟ ನವಣೆಯನ್ನು ಅವನ ಮುಂದಿಡಬಾರದಂತೆ! ಇದು ಯಾವ ನ್ಯಾಯ?

ಕನ್ನಡಿಗರಿಗಂತೂ ಈ ವ್ಯಾಜ್ಯ ಹದಿನಾರನೆಯ ಶತಮಾನದಲ್ಲೇ ತೀರ್ಮಾನವಾಗಿದೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತವೂ ನರೆದಲೆಗವೆಂಬ ರಾಗಿಯೂ ತಾವೇ ಶ್ರೇಷ್ಠವೆಂದು ವಾದಿಸುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ರಾಮನು ರಾಗಿಗೆ ತನ್ನ ಹೆಸರನ್ನೇ ಕೊಟ್ಟು ಗೌರವಿಸುತ್ತಾನೆ. ಅದು ಕಾಳುಗಳ ಕಥೆ ಮಾತ್ರವಲ್ಲ, ಕಾಳುಗಳನ್ನು ನೆಪವಾಗಿಟ್ಟುಕೊಂಡು ಮನುಷ್ಯರ ಮೇಲು ಕೀಳನ್ನು ಪ್ರಶ್ನಿಸಿದ ಕಾವ್ಯವೆಂದು ತರಗತಿಯಲ್ಲಿ ನಿಮಗೆ ಹೇಳಿದ್ದೇನೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವರು ಅಡುಗೆಮನೆಯಲ್ಲಿ ಮರೆತರೆ ಹೇಗೆ?

"ಸಾರ್, ಎಷ್ಟು ಹೇಳಿದರೂ ಅಕ್ಕಿಯ ರುಚಿ ಬರುವುದಿಲ್ಲ" ಎನ್ನುವಿರಿ. ಅಕ್ಕಿಯ ರುಚಿ ಬರುವುದಿಲ್ಲ ನಿಜ, ನವಣೆಯ ರುಚಿ ಬರುತ್ತದೆ. ಅನೇಕರು ಕೆಡಿಸುವುದು ಅವಸರದಿಂದ. ಒಂದು ಅಳತೆ ನವಣೆ ಅಕ್ಕಿಯನ್ನು ಅರ್ಧ ಗಂಟೆಯಾದರೂ ನೆನೆಸಿಡಿ. ಅರ್ಧ ಅಳತೆ ಹೆಸರುಬೇಳೆಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಎರಡನ್ನೂ ಐದು ಅಳತೆ ನೀರಿನಲ್ಲಿ, ಬೆರಳಿನಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿರಿ. ಕಾಳು ಪೂರ್ತಿ ಬೇಯುವ ಮೊದಲು ಬೆಲ್ಲ ಹಾಕಲೇಬಾರದು. ಬೆಲ್ಲ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ, ಅಲ್ಲಿಗೇ ಗಟ್ಟಿಯಾಗಿ ನಿಲ್ಲುತ್ತದೆ. ಒಂದೂವರೆ ಅಳತೆ ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಕಸ ಸೋಸಿ, ಆಮೇಲೆ ಸೇರಿಸಿ ಸಣ್ಣ ಉರಿಯಲ್ಲಿ ತಿರುವುತ್ತಿರಬೇಕು. ಕೊನೆಗೆ ತುಪ್ಪ, ಏಲಕ್ಕಿ, ಹುರಿದ ಗಸಗಸೆ, ತುರಿದ ಒಣಕೊಬ್ಬರಿ. ಆರುತ್ತಾ ಹೋದಂತೆ ಗಟ್ಟಿಯಾಗುವುದರಿಂದ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿರಿ.

ಇಲ್ಲಿ ಇನ್ನೊಂದು ಗುಂಪಿನವರಿಗೂ ಎರಡು ಮಾತು ಹೇಳಬೇಕು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಾವು ಪಾಠಪುಸ್ತಕದಲ್ಲಿ ತೃಣಧಾನ್ಯ, ಅಂದರೆ ಹುಲ್ಲಿನ ಕಾಳು ಎಂದು ಕರೆದು ಕೆಳಗಿಟ್ಟದ್ದನ್ನು ಈಗ ಸಿರಿಧಾನ್ಯವೆಂದು ಕರೆದು ಅಂದವಾದ ಪೊಟ್ಟಣದಲ್ಲಿ ಮೇಲಿಟ್ಟಿದ್ದಾರೆ. ಸಂತೋಷ. ಆದರೆ ನವಣೆಯ ಹುಗ್ಗಿಯನ್ನು ಔಷಧವೆಂದು ಮಾರುವವರನ್ನು ನಂಬಬೇಡಿ. ನವಣೆಯಲ್ಲಿ ನಾರಿನಂಶ ಹೆಚ್ಚಿರಬಹುದು. ಬೆಲ್ಲ ಮಾತ್ರ ಬೆಲ್ಲವೇ. ಸಕ್ಕರೆ ಕಾಯಿಲೆಯಿರುವ ನನ್ನ ವಯಸ್ಸಿನವರು ಎರಡು ಚಮಚಕ್ಕೆ ಕೈ ತೊಳೆಯುವುದು ಒಳಿತು. ಹಾಗೆಯೇ, ನವಣೆ ನಮ್ಮ ಮನೆಗಳಿಂದ ಮರೆಯಾದುದಕ್ಕೆ ಹೆಂಗಸರನ್ನು ದೂರುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಆ ಸಣ್ಣ ಕಾಳಿನ ಸಿಪ್ಪೆ ಬಿಡಿಸಲು ಬೆಳಗಿನ ಜಾವದಲ್ಲಿ ಒನಕೆ ಹಿಡಿದವರು ಅವರು. ಗಿರಣಿಯ ಅಕ್ಕಿ ಬಂದಾಗ ಒನಕೆಯನ್ನು ಮೂಲೆಗಿಟ್ಟದ್ದು ಸರಿಯಾಗಿಯೇ ಇತ್ತು. ಈಗ ಸಿಪ್ಪೆ ಬಿಡಿಸುವ ಯಂತ್ರಗಳಿವೆ. ಯಾರ ರಟ್ಟೆಯೂ ನೋಯಬೇಕಾಗಿಲ್ಲ.

ಸಿರುಗುಪ್ಪ ಕಡೆಯ ನನ್ನ ವಿದ್ಯಾರ್ಥಿಗಳು ಮುನಿಸಿಕೊಳ್ಳಬಾರದು. ನೆಲ್ಲು ನಾಟಿ ಮಾಡಿದವರ ಬೆನ್ನುನೋವನ್ನು ನಾನು ಬಲ್ಲೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕಳಚಿ ಕೊಚ್ಚಿಹೋದಾಗ ನಿಮ್ಮೊಂದಿಗೆ ನಾನೂ ಆತಂಕದಿಂದ ಸುದ್ದಿಗಾಗಿ ಕಾದವನು. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ನೀರನ್ನೇ ನಂಬಿ ಬೆಳೆದ ನಿಮ್ಮ ಹೊಸ ನೆಲ್ಲಿನ ಅಕ್ಕಿಯಿಂದ ನೀವು ಹುಗ್ಗಿ ಮಾಡಿದರೆ ಅದೇ ನಿಮಗೆ ಸರಿಯಾದ ಹಬ್ಬ. ತಮಿಳರು ಹೊಸ ಅಕ್ಕಿಯನ್ನು ಉಕ್ಕಿಸುವುದೂ, ಕೊಡಗಿನವರು ಹುತ್ತರಿಯಲ್ಲಿ ಕದಿರು ತೆಗೆದು ಹೊಸ ಅಕ್ಕಿಯ ಪಾಯಸ ಮಾಡುವುದೂ ಅದು ಅವರ ಗದ್ದೆಯ ಬೆಳೆ ಎಂಬ ಕಾರಣಕ್ಕೆ. ಅವರಿಂದ ಕಲಿಯಬೇಕಾದುದು ಅಕ್ಕಿಯನ್ನಲ್ಲ, ಆ ಕ್ರಮವನ್ನು. ತನ್ನ ನೆಲ ಈ ವರ್ಷ ಏನು ಕೊಟ್ಟಿತೋ ಅದನ್ನು ಮೊದಲು ದೇವರಿಗೆ ತೋರಿಸಿ, ದುಡಿದವರಿಗೆ ಬಡಿಸಿ, ಆಮೇಲೆ ತಾನು ಉಣ್ಣುವುದೇ ಸುಗ್ಗಿಯ ಹಬ್ಬದ ಧರ್ಮ. ಮಳೆಯ ಹೊಲದವನು ತನ್ನ ನವಣೆಯನ್ನು ಮಾರಿ, ಆ ದುಡ್ಡಿನಿಂದ ಪೇಟೆಯ ಅಕ್ಕಿ ತಂದು ಎಡೆಯಿಟ್ಟರೆ ಆ ಧರ್ಮ ಎಲ್ಲಿ ಉಳಿಯಿತು?

ಹೊಲ ಬಿಟ್ಟು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿದವರು, "ನಮಗೆ ಯಾವ ನೆಲ ಸಾರ್?" ಎಂದು ಕೇಳಬಹುದು. ಊರಿನಲ್ಲಿ ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರು ಇನ್ನೂ ಮಳೆಯನ್ನು ನಂಬಿ ಬಿತ್ತುತ್ತಿದ್ದಾರೆ. ಕೊಳ್ಳುವವರಿಲ್ಲವೆಂದು ನವಣೆ ಬಿಟ್ಟವರು ಅವರಲ್ಲಿ ಹಲವರು. ಮುಂದಿನ ಸಂಕ್ರಾಂತಿಗೆ ಅವರಿಗೆ ಫೋನು ಮಾಡಿ ಐದು ಸೇರು ನವಣೆಗೆ ಹೇಳಿರಿ, ಪೇಟೆಯ ಪೊಟ್ಟಣಕ್ಕೆ ಕೊಡುವ ಬೆಲೆಯನ್ನೇ ಅವರಿಗೂ ಕೊಡಿರಿ. ಅದರ ಹುಗ್ಗಿಯನ್ನು ಮಾಡಿ ದೇವರ ಮುಂದಿಟ್ಟು, ಇದು ಯಾವ ಹೊಲದಿಂದ ಬಂತೆಂದು ಮಕ್ಕಳಿಗೆ ಹೇಳಿರಿ. ಮರುದಿನ ಶಾಲೆಯಲ್ಲಿ ಯಾರಾದರೂ ಕೇಳಿದರೆ ಆ ಮಕ್ಕಳು ತಲೆಯೆತ್ತಿ "ನಮ್ಮ ಮನೆಯಲ್ಲಿ ನವಣೆ ಹುಗ್ಗಿ" ಎನ್ನುವಂತಾಗಲಿ.

ಒಪ್ಪದವರು ಬರೆಯಿರಿ, ವಾದಿಸೋಣ. ಆದರೆ ಒಮ್ಮೆ ಮಾಡಿ, ಉಂಡು, ಆಮೇಲೆ ಬರೆಯಿರಿ.