ಹಳ್ಳಿಗೆ ಫೈಬರ್ ಯಾಕೆ ಎನ್ನುವವರಿಗೆ ಉತ್ತರ

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ಹಳ್ಳಿಗಳಿಗೆ ಮನೆಮನೆಗೂ ಫೈಬರ್ ಬರಲಿ, ಟವರ್‌ಗಳ ಸಾಮರ್ಥ್ಯ ಹೆಚ್ಚಲಿ ಎಂದು ಕೇಳಿದರೆ ಸಾಕು, ಆಕ್ಷೇಪಗಳ ಸರಮಾಲೆಯೇ ಎದುರಾಗುತ್ತದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಒಳಊರುಗಳ ಪರವಾಗಿ ಕೇಳಿದರೂ ಅಷ್ಟೆ. ಒಂದೊಂದನ್ನೇ ಎತ್ತಿಕೊಂಡು ನೋಡುತ್ತೇನೆ. ತೀರ್ಪು ಓದುಗರಿಗೆ ಬಿಟ್ಟದ್ದು.

‘ಎಲ್ಲರ ಕೈಯಲ್ಲೂ ಮೊಬೈಲ್ ಇದೆ, 4ಜಿ ಇದೆ, ಇನ್ನೇನು ಬೇಕು?’ ಎಂಬುದು ಮೊದಲನೆಯದು. ‘ಎಲ್ಲರ’ ಎಂಬಲ್ಲೇ ತಪ್ಪಿದೆ. ದೇಶದ ನಗರಗಳಲ್ಲಿ 100 ಜನರಿಗೆ 120ಕ್ಕೂ ಹೆಚ್ಚು ದೂರವಾಣಿ ಸಂಪರ್ಕಗಳಿದ್ದರೆ ಹಳ್ಳಿಗಳಲ್ಲಿ 60ರ ಆಸುಪಾಸು. ಅದೂ ಸಿಮ್‌ಗಳ ಲೆಕ್ಕ, ತಲೆಗಳ ಲೆಕ್ಕವಲ್ಲ. ಇನ್ನು 4ಜಿ. ಒಂದು ಟವರ್‌ಗೆ ಇರುವ ಸಾಮರ್ಥ್ಯವನ್ನು ಅದರ ಸುತ್ತಲಿನ ಅಷ್ಟೂ ಫೋನ್‌ಗಳು ಹಂಚಿಕೊಳ್ಳಬೇಕು. ಆ ಟವರ್‌ಗೇ ಫೈಬರ್ ಬಂದಿಲ್ಲದಿದ್ದರೆ, ಇನ್ನೊಂದು ಟವರ್‌ನಿಂದ ಮೈಕ್ರೋವೇವ್‌ನಲ್ಲಿ ಬಂದಷ್ಟೇ ಅದರ ಬಂಡವಾಳ. ಹೀಗಾಗಿಯೇ ಸಂಜೆ ಏಳರ ಹೊತ್ತಿಗೆ ಫೋನಿನಲ್ಲಿ ಸಿಗ್ನಲ್‌ನ ಎಲ್ಲ ಗೆರೆಗಳೂ ಕಾಣುತ್ತವೆ, ಪುಟ ಮಾತ್ರ ತೆರೆದುಕೊಳ್ಳುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್, ಫೈಬರ್ ಇರುವ ಟವರ್‌ಗಳ ಪಾಲನ್ನು ಶೇ 30ರಿಂದ 70ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತ್ತು. ಇದ್ದದ್ದೇ ಸಾಕಾಗಿದ್ದರೆ ಸರ್ಕಾರಕ್ಕೆ ಆ ಗುರಿ ಯಾಕೆ ಬೇಕಾಯಿತು?

‘ಭಾರತ್‌ನೆಟ್‌ನಲ್ಲಿ ಪಂಚಾಯಿತಿಗೆ ಫೈಬರ್ ಬಂದಾಗಿದೆ’ ಎಂಬುದು ಎರಡನೆಯದು. ಬಂದಿದ್ದು ಪಂಚಾಯಿತಿ ಕಚೇರಿಯ ಗೋಡೆಯವರೆಗೆ. ಅಲ್ಲಿಂದ ಎರಡು ಕಿಲೋಮೀಟರ್ ಆಚೆಯ ಊರಿಗೆ ಅದರಿಂದ ಏನು ಬಂತು? 2011ರ ಅಕ್ಟೋಬರ್‌ನಲ್ಲಿ ಮಂಜೂರಾದ ಈ ಯೋಜನೆ ಮೊದಮೊದಲು ಕೇಬಲ್ಲನ್ನು ಒಂದೇ ಸಾಲಿನಲ್ಲಿ ಎಳೆಯಿತು. ರಸ್ತೆಗೋ ನೀರಿನ ಪೈಪಿಗೋ ಅಗೆಯುವ ಜೆಸಿಬಿ ಒಂದು ಕಡೆ ಕಡಿದರೆ ಮುಂದಿನದೆಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದು ಕಡೆ ಕಡಿದರೆ ಇನ್ನೊಂದು ದಿಕ್ಕಿನಿಂದ ಸಂಪರ್ಕ ಉಳಿಯುವಂತೆ ಕೇಬಲ್ಲನ್ನು ಉಂಗುರದ ಹಾಗೆ ಜೋಡಿಸಬೇಕು, ಕೇಳಿದ ಹಳ್ಳಿಗೂ ಒಯ್ಯಬೇಕು ಎಂಬುದು ಅದರ ತಿರುಳು. ಕೆಲಸ ಮುಗಿದಿದೆ ಎನ್ನುವವರು ಈ ದುಡ್ಡು ಯಾವ ಕೆಲಸಕ್ಕೆ ಎಂದು ಹೇಳಬೇಕಲ್ಲವೇ?

ಮೂರನೆಯದು ಕೇಳಲು ಬಹಳ ಸಜ್ಜನಿಕೆಯ ಮಾತು. ‘ಮೊದಲು ರಸ್ತೆ, ನೀರು, ಪಡಿತರ ಸರಿಯಾಗಲಿ. ಇಂಟರ್ನೆಟ್ ಆಮೇಲೆ.’ ಪಡಿತರವನ್ನು ಇಂಟರ್ನೆಟ್ಟಿಗೆ ಕಟ್ಟಿಹಾಕಿದವರು ಯಾರು? ಹೀಗೆ ಹೇಳುವವರು ಸಿಗ್ನಲ್ ಇಲ್ಲದ ಊರಿನ ನ್ಯಾಯಬೆಲೆ ಅಂಗಡಿಯ ಮುಂದೆ ತಿಂಗಳಿಗೊಮ್ಮೆ ನಿಂತು ನೋಡಲಿ. ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ, ಯಂತ್ರದ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಅಂಗಡಿಯವರು ಯಂತ್ರವನ್ನು ಜಗಲಿಗೆ ತರುತ್ತಾರೆ, ಮೇಲೆತ್ತಿ ಹಿಡಿಯುತ್ತಾರೆ, ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ ಅಜ್ಜಿ’ ಎನ್ನುತ್ತಾರೆ. ಅಕ್ಕಿ ಒಳಗೇ ಇರುತ್ತದೆ. ಉದ್ಯೋಗ ಖಾತರಿಯಲ್ಲಿ 2023ರ ಜನವರಿ 1ರಿಂದ ಹಾಜರಾತಿಗೆ ದಿನಕ್ಕೆರಡು ಫೋಟೊ ಆ್ಯಪ್‌ಗೆ ಹಾಕುವುದು ಕಡ್ಡಾಯವಾಯಿತು. ಫೋಟೊ ಏರದಿದ್ದರೆ ಕೂಲಿಗೇ ಕುತ್ತು. ಅಂಗನವಾಡಿ ಕಾರ್ಯಕರ್ತೆಗೆ ಪೋಷಣ್ ಟ್ರ್ಯಾಕರ್, ರೈತನಿಗೆ ಬೆಳೆ ಸಮೀಕ್ಷೆಯ ಆ್ಯಪ್, ಪಿಎಂ ಕಿಸಾನ್‌ಗೆ ಇ-ಕೆವೈಸಿ, ಮನೆಯ ಖಾತೆಗೆ ಇ-ಸ್ವತ್ತು. ಪಹಣಿ ಕಂಪ್ಯೂಟರಿಗೆ ಹೋಗಿ ಎರಡು ದಶಕವೇ ಕಳೆದಿದೆ. ಇವನ್ನೆಲ್ಲ ಕಡ್ಡಾಯ ಮಾಡುವಾಗ ‘ಮೊದಲು ರಸ್ತೆ’ ಎಂದು ಯಾರೂ ತಡೆಯಲಿಲ್ಲ. ಹಳ್ಳಿಯವರು ಲೆಕ್ಕ ಒಪ್ಪಿಸಬೇಕಾದಾಗ ಇಂಟರ್ನೆಟ್ ಅಗತ್ಯ, ಹಳ್ಳಿಯವರು ಕೇಳಿದಾಗ ಅದು ಐಷಾರಾಮ. ಈ ಎರಡು ನಾಲಿಗೆಯ ಮಾತು ನಡೆಯದು. ನೆಟ್‌ವರ್ಕ್ ಕೊಡಲಿ, ಇಲ್ಲವೇ ಕಾಗದದ ದಾರಿಯನ್ನು ವಾಪಸ್ ತೆರೆಯಲಿ.

‘ಕಂಪನಿಗಳಿಗೆ ನಷ್ಟ’ ಎನ್ನುವ ವಾದಕ್ಕೆ ಉತ್ತರ 2002ರಲ್ಲೇ ಸಿಕ್ಕಿದೆ. ಲಾಭವಿಲ್ಲದ ಊರಿಗೂ ಸೇವೆ ಮುಟ್ಟಲಿ ಎಂದೇ ಸಾರ್ವತ್ರಿಕ ಸೇವಾ ನಿಧಿ ಹುಟ್ಟಿತು. ಈಗ ಅದು ಡಿಜಿಟಲ್ ಭಾರತ ನಿಧಿ. ದೂರಸಂಪರ್ಕ ಕಂಪನಿಗಳ ಹೊಂದಾಣಿಕೆ ಮಾಡಿದ ಒಟ್ಟು ಆದಾಯದಿಂದ ಶೇ 5ರಷ್ಟು ಅದಕ್ಕೆ ಹೋಗುತ್ತದೆ. ಅಂದರೆ ಹುಣಸೂರಿನವರ ರೀಚಾರ್ಜ್‌ನಲ್ಲೂ ಅದರ ಪಾಲಿದೆ. ಹತ್ತಾರು ಸಾವಿರ ಕೋಟಿ ರೂಪಾಯಿ ಈ ಲೆಕ್ಕದಲ್ಲಿ ವರ್ಷಾನುಗಟ್ಟಲೆ ಖರ್ಚಾಗದೆ ಉಳಿದಿತ್ತು. ನಾವು ಕೇಳುತ್ತಿರುವುದು ನಾವೇ ತುಂಬಿದ ಹಣ.

‘ಕೊಟ್ಟರೂ ರೀಲ್ಸ್ ನೋಡುತ್ತಾರೆ’ ಎಂಬುದಕ್ಕೆ ಹೆಚ್ಚು ಜಾಗ ಬೇಡ. ಬೆಂಗಳೂರಿನವರೂ ನೋಡುತ್ತಾರೆ, ಅಲ್ಲಿಯ ಫೈಬರ್ ಯಾರೂ ಕತ್ತರಿಸಿಲ್ಲ.

ಟವರ್ ವಿಕಿರಣದ ಹೆದರಿಕೆಯನ್ನು ಮಾತ್ರ ಗೌರವದಿಂದಲೇ ನೋಡಬೇಕು, ಅದು ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2011ರಲ್ಲಿ ರೇಡಿಯೊ ಅಲೆಗಳನ್ನು ‘ಬಹುಶಃ ಕ್ಯಾನ್ಸರ್‌ಗೆ ಕಾರಣವಾಗಬಹುದಾದ’ ವರ್ಗಕ್ಕೆ ಸೇರಿಸಿದ್ದೂ ನಿಜ. ಭಾರತ 2012ರ ಸೆಪ್ಟೆಂಬರ್‌ನಿಂದ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಆಕ್ಷೇಪಿಸುವವರು ಮರೆಯುವ ಸಂಗತಿ ಇನ್ನೊಂದಿದೆ: ಟವರ್ ದೂರವಿದ್ದಷ್ಟೂ ಕಿವಿಗೆ ಒತ್ತಿಕೊಂಡ ಫೋನು ಜೋರಾಗಿ ಅಲೆ ಹೊಮ್ಮಿಸಬೇಕಾಗುತ್ತದೆ. ಹತ್ತಿರದ ಟವರ್ ಬೇಡವೆಂದರೆ ತಲೆಗೆ ತಾಗುವುದು ಹೆಚ್ಚೇ ಆಗುತ್ತದೆ. ಮನೆಗೆ ಬರುವ ಫೈಬರ್ ಕೇಬಲ್ಲಿನಲ್ಲಂತೂ ಹರಿಯುವುದು ಬೆಳಕು.

ಕೊನೆಯದು, ‘ನಾಗರಹೊಳೆಯ ಕಾಡಂಚಿನಲ್ಲಿ ಇದೆಲ್ಲ ಆಗದು, ಕಾಡು ಹಾಳಾಗುತ್ತದೆ.’ ಕಾಡಿನ ನಡುವೆ ಟವರ್ ನೆಡಿ ಎಂದು ಕೇಳುತ್ತಿಲ್ಲ. ಇರುವ ವಿದ್ಯುತ್ ಕಂಬಗಳ ಮೇಲೇ ಫೈಬರ್ ಒಯ್ಯಬಹುದು. ಎಚ್.ಡಿ. ಕೋಟೆಯ ಗಡಿಯಾಚೆಯ ಕೇರಳದಲ್ಲಿ 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಸರ್ಕಾರಿ ಫೈಬರ್ ಜಾಲ ಕೆ-ಫೋನ್, ಅಲ್ಲಿನ ವಿದ್ಯುತ್ ಮಂಡಳಿಯ ಕಂಬಗಳನ್ನೇ ಬಳಸಿಕೊಂಡಿತು. ಹಾಸನದ ಆಲೂರು, ಸಕಲೇಶಪುರದ ಕಡೆ ಆನೆ ಎಲ್ಲಿದೆ ಎಂಬ ಸಂದೇಶ ಜನರ ಮೊಬೈಲಿಗೆ ಹೋಗುವುದರಿಂದ ಆನೆಗೂ ಮನುಷ್ಯನಿಗೂ ಒಳ್ಳೆಯದೇ ಆಗಿದೆ. ಕಾಡಂಚಿನ ಹಾಡಿಯಲ್ಲಿ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ 108ಕ್ಕೆ ಕರೆ ಹೋಗಬೇಕು. ಆ ಕರೆ ಹೋಗದಿದ್ದರೆ ಕಾಡು ಹೇಗೆ ಉಳಿಯುತ್ತದೆ ಎಂಬುದನ್ನು ಆಕ್ಷೇಪಿಸುವವರು ಬಿಡಿಸಿ ಹೇಳಲಿ.